ಹೆಬ್ಬೆರಳಿಗೆ ತಾಗಿದ ಸೂಜಿ

"ಗಟ್ಟಿ ಹಿಡ್ಕೊ ಅಂದೆ ಅಲ್ದಾ... ಗಟ್ಟಿ!"

ಗುಣವತಿ ಗಟ್ಟಿಯಾಗಿಯೇ ಹಿಡಿದಿದ್ದಳು. ಆದರೆ ಅವಳ ಕಣ್ಣು ನಾಯಿಯ ಮೇಲಿರಲಿಲ್ಲ. ಈಗಷ್ಟೇ ಸೈಕಲ್ಲಿನಿಂದ ಇಳಿದು, ಅಂಗಳದಲ್ಲಿ ಕುಕ್ಕುರುಗಾಲಲ್ಲಿ ಕೂತು, ಗಾಜಿನ ಸಿರಿಂಜನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ ಆ ಹೊಸ ಮನುಷ್ಯನ ಮೇಲಿತ್ತು.

ಅವನು ನಾಯಿಯ ಬೆನ್ನಿನ ಸಡಿಲ ಚರ್ಮವನ್ನು ಎತ್ತಿ ಹಿಡಿದ. ಸೂಜಿಯನ್ನು ಹತ್ತಿರ ತಂದ. ಅದೇ ಹೊತ್ತಿಗೆ ನಾಯಿ, ಪ್ಯಾರಿ, ಕೊಸರಿಕೊಂಡಿತು.

ಸೂಜಿ ನಾಯಿಗೆ ತಾಗಲಿಲ್ಲ. ಗುಣವತಿಯ ಹೆಬ್ಬೆರಳಿಗೆ ತಾಗಿತು!

ಅವಳು ಕೂಗಲಿಲ್ಲ. ಕೂಗಿದ್ದು ಅವನು.

"ಅಯ್ಯೋ ದೇವ್ರೆ! ಒಳಗೆ ಹೋಯ್ತಾ? ಔಷಧಿ ಒಳಗೆ ಹೋಯ್ತಾ?"

ಅವಳ ಕೈಯನ್ನು ಎಳೆದುಕೊಂಡು, ಬೆರಳನ್ನು ಹಿಂಡಿ, ಬಂದ ರಕ್ತದ ಹನಿಯನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದ. ಬಳೆಗಾರನನ್ನು ಬಿಟ್ಟರೆ ಬೇರೆ ಗಂಡಸು ಅವಳ ಕೈ ಹಿಡಿದದ್ದು ಅದೇ ಮೊದಲು.

'ಬಿಡಿ ಅನ್ನಬೇಕು... ಕೈ ಬಿಡಿ ಅನ್ನಬೇಕು...' ಅಂದುಕೊಂಡಳು. ಕೈಯನ್ನೂ ಎಳೆದುಕೊಳ್ಳಲಿಲ್ಲ.

"ನಾಗಕ್ಕ! ಒಂಚೂರ್ ಬೆಲ್ಲ ತನ್ನಿ, ಬೇಗ!"

ಜಗಲಿಯಲ್ಲಿ ನಿಂತಿದ್ದ ಮನೆಯ ಹಿರಿಯ ಹೆಂಗಸು ನಾಗಕ್ಕ ಹುಬ್ಬೇರಿಸಿದರು. "ಚುಚ್ಚಿದ ಗಾಯಕ್ಕೆ ಅರ್ಶಿನ ಹಚ್ಚೂದ್ ಕಂಡಿದ್ದೆ. ಬೆಲ್ಲ ಎಂತಕ್ಕ್ ಮಾರಾಯಾ?"

"ಇದ್ ರಕ್ತದ ಸಕ್ಕರೆ ಇಳ್ಸು ಔಷಧಿ ನಾಗಕ್ಕ. ಕಾಯಿಲೆ ಇಲ್ದಿದ್ದವ್ರ ಒಳಗೆ ಹೋರೆ ಕೈಕಾಲ್ ನಡುಗತ್ತ್, ಬೆವರತ್ತ್, ಕಣ್ಣ್ ಕತ್ಲೆ ಬತ್ತ್. ಬೆಲ್ಲ ಬಾಯಿಗ್ ಬಿದ್ರೆ ಸಮ ಆತ್ತ್."

ನಾಗಕ್ಕ ಒಳಗೆ ಹೋಗಿ ತೆಂಗಿನ ಗೆರಟೆಯಲ್ಲಿ ಜೋನಿಬೆಲ್ಲ ತಂದರು. ಅಚ್ಚು ಕಟ್ಟುವ ಮೊದಲೇ ಒಲೆಯಿಂದ ಇಳಿಸಿದ, ಜೇನಿನಂತೆ ಹರಿಯುವ ಬೆಲ್ಲ. ಗುಣವತಿ ಮುಖವನ್ನು ಆಚೆ ತಿರುಗಿಸಿ ಬೆರಳಲ್ಲಿ ನೆಕ್ಕಿದಳು. ಅವನು ಎದುರಿಗೇ ಕೂತು ಅವಳನ್ನೇ ನೋಡುತ್ತಿದ್ದ.

"ಕೈ ನಡುಗತ್ತಾ?"

ಇಲ್ಲವೆಂದು ತಲೆಯಾಡಿಸಿದಳು.

"ಬೆವರತ್ತಾ?"

ಮತ್ತೆ ತಲೆಯಾಡಿಸಿದಳು. ನಿಜ ಹೇಳಬೇಕೆಂದರೆ ನಡುಕವೂ ಇತ್ತು, ಬೆವರೂ ಇತ್ತು... ಅದು ಔಷಧಿಯಿಂದ ಅಲ್ಲ ಎಂದು ಮಾತ್ರ ಅವಳಿಗೆ ಗೊತ್ತಿತ್ತು!

"ಇವ್ಳಿಗೆ ಮಾತ್ ಬತ್ತಿಲ್ಯಾ?" ಅವನು ನಾಗಕ್ಕನನ್ನು ಕೇಳಿದ.

"ಬತ್ತ್ ಬತ್ತ್. ವರ್ಷಕ್ಕೊಂದ್ ಮಾತ್. ಈ ವರ್ಷದ್ದ್ ಇನ್ನೂ ಆಯ್ಲಿಲ್ಲೆ."

ಅವನು ನಕ್ಕುಬಿಟ್ಟ. ಗುಣವತಿ ಗೆರಟೆ ಹಿಡಿದುಕೊಂಡೇ ಹಿತ್ತಲಿಗೆ ಓಡಿದಳು.

ಎರಡನೇ ಮಹಾಯುದ್ಧ ಮುಗಿದ ಮರುವರ್ಷದ ಮಾತು ಇದು. ತೆಕ್ಕಟ್ಟೆಯ ದುಗ್ಗಪ್ಪ ಶೆಟ್ಟರು ಬೊಂಬಾಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು. ಬರುವಾಗ ಸಕ್ಕರೆ ಕಾಯಿಲೆಯನ್ನೂ, ಪ್ಯಾರಿ ಎಂಬ ಕಂದು ಬಣ್ಣದ ಹೆಣ್ಣು ನಾಯಿಯನ್ನೂ ಜೊತೆಗೆ ತಂದಿದ್ದರು. ಹೆಂಡತಿ ತೀರಿಕೊಂಡಿದ್ದರಿಂದ ಮನೆಯ ಯಜಮಾನಿಕೆ ಅಕ್ಕ ನಾಗಕ್ಕನದು.

ಗುಣವತಿ ಅದೇ ಊರಿನ ದೇವಸ್ಥಾನದಲ್ಲಿ ಡೋಲು ಬಾರಿಸುವ ಗುರುವನ ಮಗಳು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಶೆಟ್ಟರ ಮನೆಯ ಹಟ್ಟಿ, ಕರು, ನಾಯಿ ನೋಡಿಕೊಂಡಿದ್ದಳು. ಅವಳಿಗೆ ಮಾತು ಕಡಿಮೆ, ನೋಟ ಹೆಚ್ಚು. ಯಾವ ಕೋಳಿ ಯಾವ ಪೊದೆಯಲ್ಲಿ ಮೊಟ್ಟೆಯಿಡುತ್ತದೆ, ಶೆಟ್ಟರು ಯಾವ ದಿನ ಕದ್ದು ಹಲಸಿನ ಹಣ್ಣು ತಿಂದಿದ್ದಾರೆ, ಎಲ್ಲ ಅವಳ ಕಣ್ಣಿಗೆ ಬೀಳುತ್ತಿತ್ತು. ಬಾಯಿಗೆ ಮಾತ್ರ ಬರುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಪ್ಯಾರಿ ಬಾನಿಯ ನೀರನ್ನೆಲ್ಲ ಕುಡಿದು ಮುಗಿಸತೊಡಗಿತು. ಎಷ್ಟು ತಿಂದರೂ ಬೆನ್ನೆಲುಬು ಎದ್ದು ಕಾಣುತ್ತಿತ್ತು. ಅದು ಉಚ್ಚೆ ಹೊಯ್ದ ಕಡೆಯಲ್ಲೆಲ್ಲ ಕಟ್ಟಿರುವೆ ಸಾಲುಗಟ್ಟುತ್ತಿದ್ದವು. ಗುಣವತಿ ನಾಗಕ್ಕನ ಸೆರಗು ಎಳೆದು ಅದನ್ನು ತೋರಿಸಿದಳು. ನಾಗಕ್ಕ ತಮ್ಮನಿಗೆ ಹೇಳಿದರು.

"ನನ್ನ ಕಾಯಿಲೆ ನನ್ನ ನಾಯಿಗೂ ಬಂತಲ್ಲೆ!" ಶೆಟ್ಟರು ಹಣೆ ಚಚ್ಚಿಕೊಂಡರು.

ಕುಂದಾಪುರದ ದನದ ಆಸ್ಪತ್ರೆಯ ಡಾಕ್ಟರು ಬಂದು ನೋಡಿ, ಹೌದು, ಇದು ಅದೇ ಕಾಯಿಲೆ ಎಂದರು. ಶೆಟ್ಟರು ದಿನಾ ಬೆಳಿಗ್ಗೆ ಚುಚ್ಚಿಕೊಳ್ಳುವ ಇನ್ಸುಲಿನ್ನೇ ನಾಯಿಗೂ ಆಗುತ್ತದೆ, ಪ್ರಮಾಣ ಮಾತ್ರ ಬೇರೆ ಎಂದು ಹೇಳಿ, ದಿನಾ ಬಂದು ಹಾಕಲು ತಮ್ಮ ಕಂಪೌಂಡರನನ್ನು ಕಳಿಸಿದರು. ಅವನೇ ರಾಜೀವ. ನಾವುಂದದವನು. ಅವನ ಮನೆಯವರೂ ದೇವಸ್ಥಾನದ ವಾಲಗದವರೇ. ಯುದ್ಧದ ಕಾಲದಲ್ಲಿ ಪೂನಾದ ಪಟಾಲಮ್ಮಿನಲ್ಲಿ ಕುದುರೆ, ನಾಯಿಗಳ ಆಸ್ಪತ್ರೆಯಲ್ಲಿ ದುಡಿದು ಬಂದಿದ್ದ.

ಊರಿಗೆಲ್ಲ ನಗೆ. "ಹ್ವಾಯ್ ರಾಜೀವ, ಸಕ್ಕರೆ ರೇಷನ್ನಾಗೆ ಸಿಕ್ಕೂದಿಲ್ಲೆ. ಶೆಟ್ರ ನಾಯಿಗೆ ಅದೆಲ್ಲಿಂದ ಸಿಕ್ತ್ ಮಾರಾಯಾ, ಕಾಯಿಲೆ ಬಪ್ಪಷ್ಟ್?"

ರಾಜೀವ ಸೈಕಲ್ಲಿನ ಗಂಟೆ ಬಾರಿಸುತ್ತ ಮುಂದೆ ಹೋಗುತ್ತಿದ್ದ. ಆ ಗಂಟೆ ಕೇಳಿದರೆ ಸಾಕು, ಪ್ಯಾರಿಗಿಂತ ಮೊದಲು ಗುಣವತಿಯ ಕಿವಿ ನೆಟ್ಟಗಾಗುತ್ತಿತ್ತು!

ಬಾವಿಕಟ್ಟೆಯ ನೆರಳಿನಲ್ಲಿ, ಒದ್ದೆ ಮರಳು ತುಂಬಿದ ಮಡಕೆಯಲ್ಲಿ ಇನ್ಸುಲಿನ್ ಬಾಟಲಿಯನ್ನು ತಂಪಾಗಿ ಇಡುವುದು ಅವಳ ಕೆಲಸವಾಯಿತು. ಹಾಲಿನಂತಹ ಆ ಔಷಧಿಯನ್ನು ಅವನು ಕುಲುಕುತ್ತಿರಲಿಲ್ಲ. ಎರಡು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸುತ್ತಿದ್ದ. ಮೊಲದ ಮರಿಯನ್ನು ಹಿಡಿದಂತೆ.

'ಪಟಾಲಮ್ಮಿನಿಂದ ಬಂದವನ ಕೈ ಇಷ್ಟು ಮೆತ್ತಗೆ ಹೇಗಿರುತ್ತದೆ?' ಅವಳು ಬಾಗಿಲ ಸಂದಿಯಿಂದ ನೋಡುತ್ತಿದ್ದಳು.

ಗೆರಟೆಗೆ ಕೋಲು ಕಟ್ಟಿ ಪ್ಯಾರಿಯ ಹಿಂದೆ ಹಿಂದೆ ಹೋಗಿ ಉಚ್ಚೆ ಹಿಡಿಯುವುದನ್ನೂ ಅವನು ಕಲಿಸಿದ. ಅದರ ಕೆಲವು ಹನಿಗಳನ್ನು ಗಾಜಿನ ನಳಿಗೆಯ ನೀಲಿ ನೀರಿಗೆ ಹಾಕಿ ದೀಪದ ಮೇಲೆ ಕುದಿಸುತ್ತಿದ್ದ. ಸಕ್ಕರೆ ಹೆಚ್ಚಿದ್ದರೆ ಇಟ್ಟಿಗೆಯ ಕೆಂಪು. ಕಡಿಮೆಯಾದರೆ ಹಸಿರು. ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತಿತ್ತು.

"ಓದು ಬರಹ ಇಲ್ಲದ್ರೂ ಬಣ್ಣ ಕಾಂಬುಕೆ ಕಣ್ಣಿತ್ತಲ್ದಾ?" ಎಂದ ರಾಜೀವ. ಅದರಲ್ಲಿ ಕುಹಕವಿರಲಿಲ್ಲ. ಅವಳ ಮನಸ್ಸು ಹಗುರಾಯಿತು.

ಮಳೆ ಹಿಡಿಯಿತು. ಬೈಂದೂರು ಬದಿಯಲ್ಲಿ ದನಗಳಿಗೆ ರೋಗ ಬಿತ್ತು. ಯಡ್ತರೆಯಲ್ಲೇ ಉಳಿದು ಚುಚ್ಚುಮದ್ದು ಹಾಕಬೇಕೆಂದು ರಾಜೀವನಿಗೆ ಆಜ್ಞೆಯಾಯಿತು.

"ದಿನಾ ಹೊಳೆ ದಾಟಿ ಬಪ್ಪುಕಾಗ ಶೆಟ್ರೆ. ಪ್ಯಾರಿಗೆ ಗುಣವತಿಯೇ ಸೂಜಿ ಹಾಕ್ಲಿ. ನೀವ್ ಹಾಕ್ರೆ ಕೈ ನಡುಗತ್ತ್."

"ಅದಾ? ಅದ್ ಇರುವೆ ಕಂಡ್ರೂ ಮೆಟ್ಟದೆ ದಾಟಿ ಹೋಪು ಹೆಣ್ಣ್!" ಎಂದರು ಶೆಟ್ಟರು.

"ದಾಟಿ ಹೋಪವ್ರಿಗೇ ಈ ಕೆಲ್ಸ ಆಪ್ದ್."

ಮೊದಲು ಸೌತೆಕಾಯಿಯ ಮೇಲೆ ಕಲಿಸಿದ. ನಾಲ್ಕು ದಿನ ಚುಚ್ಚಿಸಿಕೊಂಡ ಆ ಸೌತೆಕಾಯಿಯನ್ನು ನಾಗಕ್ಕ ಹುಳಿಗೆಂದು ಹೆಚ್ಚಲು ಕೂತವರು, "ಇದಕ್ಕೆಂತ ಮೈಯೆಲ್ಲ ಸಿಡುಬ್ ಬಂದಿತ್ತಾ?" ಎಂದು ಕೂಗಿದಾಗ ಗುಣವತಿ ಬಾಯಿಗೆ ಸೆರಗು ತುರುಕಿ ನಕ್ಕಳು. ಅವಳು ನಗುವುದನ್ನು ರಾಜೀವ ನೋಡಿದ್ದು ಅದೇ ಮೊದಲು. ಆ ದಿನ ಅವನು ತನ್ನ ಟೋಪಿಯನ್ನು ಜಗಲಿಯಲ್ಲೇ ಮರೆತು ಹೋದ.

ಹೊರಡುವ ಹಿಂದಿನ ಬೆಳಿಗ್ಗೆ ಅವಳೇ ಪ್ಯಾರಿಯ ಬೆನ್ನಿನ ಚರ್ಮವನ್ನು ಎತ್ತಿ ಸೂಜಿ ಹಾಕಿದಳು. ಪ್ಯಾರಿ ಬಾಲವನ್ನೂ ಅಲುಗಿಸಲಿಲ್ಲ. ಎಷ್ಟು ಔಷಧಿ ಎಳೆಯಬೇಕೆಂದು ಮರೆಯದಿರಲು ರಾಜೀವ ಸಿರಿಂಜಿನ ಗೆರೆಗೆ ಕೆಂಪು ನೂಲು ಕಟ್ಟಿಕೊಟ್ಟ. ಆಮೇಲೆ ಗಂಭೀರವಾದ.

"ಒಂದ್ ಮಾತ್ ಮರೂಕಾಗ. ಮೊದ್ಲ್ ಅನ್ನ, ಮತ್ತೆ ಸೂಜಿ. ಪ್ಯಾರಿ ತಿಂದಿಲ್ಲೆ ಅಂದ್ರೆ ಸೂಜಿ ಮುಟ್ಟೂಕಾಗ. ಖಾಲಿ ಹೊಟ್ಟೆಗೆ ಈ ಔಷಧಿ ವಿಷ. ಯಾರ್ ಎಂತ ಹೇಳ್ರೂ ಸಾ... ತಿಳೀತಾ?"

ಅವಳು ತಲೆಯಾಡಿಸಿದಳು.

"ತಲೆ ಆಡ್ಸೂದಲ್ಲ. ಬಾಯಲ್ಲಿ ಹೇಳ್. ನೀ ಬಾಯಲ್ಲಿ ಹೇಳ್ರೆ ನಾ ನಂಬ್ತೆ."

ಮಳೆಯ ಸದ್ದು. ಮಾಡಿನ ನೀರು ಅಂಗಳಕ್ಕೆ ಸುರಿಯುತ್ತಿತ್ತು.

"...ಹಾಂ."

"ಎಂತ ಹಾಂ?"

"ಮೊದ್ಲ್ ಅನ್ನ... ಮತ್ತೆ ಸೂಜಿ."

ಅವನ ಮುಖ ಬೆಳಗಿತು. "ಅಬ್ಬಾ! ನಾಗಕ್ಕ, ಈ ವರ್ಷದ ಮಾತ್ ನಂಗೆ ಸಿಕ್ತ್!"

ಅವನು ಹೋದ ಮೇಲೆ ಅಂಗಳ ಬಿಕೋ ಎಂದಿತು. ಆದರೆ ಗುಣವತಿಯ ಬೆಳಗುಗಳು ತುಂಬಿದ್ದವು. ಅನ್ನ, ಸೂಜಿ, ಕೆಂಪು ನೂಲು. ದಿನದಿಂದ ದಿನಕ್ಕೆ ನಳಿಗೆಯ ಕೆಂಪು ಹಸಿರಾಯಿತು. ಪ್ಯಾರಿಯ ಮೈ ತುಂಬಿತು. ಬೆಳಿಗ್ಗೆ ಎದ್ದರೆ ಕಾಗೆಗಳ ಹಿಂದೆ ಓಡುವಷ್ಟು ಚುರುಕು.

'ಬಂದಾಗ ನೀಲಿ ತೋರಿಸಬೇಕು' ಎಂಬುದೊಂದೇ ಅವಳ ಮನಸ್ಸಿನಲ್ಲಿ.

ಅತ್ತ ಯಡ್ತರೆಯಲ್ಲಿ ರಾಜೀವನೂ ಸುಮ್ಮನಿರಲಿಲ್ಲ. ದನಗಳ ನಡುವೆ ನಿಂತಾಗಲೂ ಸೆರಗಿನೊಳಗಿನ ಆ ನಗು ನೆನಪಾಗುತ್ತಿತ್ತು. ಒಂದು ದಿನ ನಾವುಂದಕ್ಕೆ ಹೋಗಿ ಅಮ್ಮನ ಹತ್ತಿರ ಏನೋ ಹೇಳಿದ. ಅಮ್ಮ ಪೆಟ್ಟಿಗೆಯಿಂದ ಅವನ ಬಿಳಿ ಅಂಗಿ ತೆಗೆದುಕೊಟ್ಟಳು. ಇದು ಗುಣವತಿಗೆ ಗೊತ್ತಿರಲಿಲ್ಲ.

ಅಷ್ಟಮಿ ಬಂತು.

ಶೆಟ್ಟರ ಮನೆಯ ಅಷ್ಟಮಿ ಎಂದರೆ ಕಟ್ಟುನಿಟ್ಟು. ಚಂದ್ರ ಮೂಡಿ ಕೃಷ್ಣನಿಗೆ ಅರ್ಘ್ಯ ಬಿಡುವವರೆಗೆ ಯಾರ ಬಾಯಿಗೂ ಅನ್ನವಿಲ್ಲ. ಶೆಟ್ಟರೂ ಆ ದಿನ ತಮ್ಮ ಸೂಜಿಯನ್ನು ರಾತ್ರಿಯ ಊಟಕ್ಕೆ ಮುಂದೂಡುತ್ತಿದ್ದರು. ನಾಗಕ್ಕ ಅದನ್ನು ನಾಯಿಯವರೆಗೂ ತಂದಿದ್ದರು. "ನಮ್ಮನಿ ನಾಯಿ ಸಾ ಅಷ್ಟಮಿ ಉಪಾಸ ಮಾಡತ್ತ್!" ಎಂದು ಊರೆಲ್ಲ ಹೇಳಿಕೊಂಡು ಹೆಮ್ಮೆಪಡುತ್ತಿದ್ದರು. ಹಿಂದಿನ ವರ್ಷಗಳಲ್ಲಿ ಪ್ಯಾರಿ ಇಡೀ ದಿನ ಬಾಗಿಲಲ್ಲಿ ಮಲಗಿ, ಅರ್ಘ್ಯವಾದ ಮೇಲೆ ಎಲ್ಲರ ಜೊತೆ ಉಂಡದ್ದೂ ಹೌದು. ಆದರೆ ಆಗ ಸೂಜಿ ಇರಲಿಲ್ಲ.

ಬೆಳಿಗ್ಗೆ ಗುಣವತಿ ಸಿರಿಂಜನ್ನು ಮುಟ್ಟಲೇ ಇಲ್ಲ. ಅನ್ನವಿಲ್ಲ, ಹಾಗಾಗಿ ಸೂಜಿಯೂ ಇಲ್ಲ. ಅಷ್ಟೇ. ಅರ್ಘ್ಯವಾದ ಮೇಲೆ ನೋಡಿದರಾಯಿತು ಎಂದುಕೊಂಡಳು.

ಆಗ ಕೇಳಿಸಿತು... ಸೈಕಲ್ಲಿನ ಗಂಟೆ!

ರಾಜೀವ. ಬಿಳಿ ಅಂಗಿ. ಎಣ್ಣೆ ಹಚ್ಚಿ ಬಾಚಿದ ತಲೆ. ಬ್ರಹ್ಮಾವರದ ಕಡೆ ಕೆಲಸವಿತ್ತಂತೆ, ದಾರಿಯಲ್ಲೇ ಇಳಿದನಂತೆ. ಜಗಲಿಯಲ್ಲಿ ಶೆಟ್ಟರಿದ್ದರು. ಹಬ್ಬಕ್ಕೆ ಮಾವಿನೆಲೆ ತಂದುಕೊಡಲು ಬಂದ ಅವಳ ಅಪ್ಪಯ್ಯ ಗುರುವನೂ ಇದ್ದ.

"ಇವತ್ತ್ ಸೂಜಿ ನಾನೇ ಹಾಕ್ತೆ," ಎಂದ ರಾಜೀವ, ಪೆಟ್ಟಿಗೆ ಬಿಚ್ಚುತ್ತ. "ಪ್ಯಾರಿ ತಿಂತಾ ನಾಗಕ್ಕ?"

"ಎಲ್ಲ ಆಯ್ತ್, ಎಲ್ಲ ಆಯ್ತ್," ಎಂದರು ನಾಗಕ್ಕ. ಇಲ್ಲವೆಂದರೆ ಈ ಹುಡುಗ ಹಬ್ಬದ ದಿನ ಅನ್ನ ಬೇಯಿಸಲು ಹಟ ಹಿಡಿಯುತ್ತಾನೆ ಎಂಬುದು ಅವರ ಲೆಕ್ಕ. ಒಂದು ದಿನದ ಉಪವಾಸ, ಅದರಿಂದ ಏನಾದೀತು! ಈ ವರ್ಷ ಅಕ್ಕ ನಾಯಿಗೆ ಅನ್ನ ಹಾಕಿದ್ದಾಳೆಂದು ಶೆಟ್ಟರೂ ನಂಬಿದರು.

ರಾಜೀವ ಕತ್ತೆತ್ತಿ ಗುಣವತಿ ನಿಂತಿದ್ದ ಬಾಗಿಲ ಸಂದಿಯತ್ತ ನೋಡಿದ. ಹೌದಾ ಎಂಬಂತೆ ಹುಬ್ಬು ಹಾರಿಸಿದ. ಆದರೆ ಆ ನೋಟದಲ್ಲಿ ಬೇರೆ ಏನೋ ಇತ್ತು... ನಾಯಿಗೆ ಸಂಬಂಧವೇ ಇಲ್ಲದ ಏನೋ...

ಗುಣವತಿಯ ಕೆನ್ನೆ ಬಿಸಿಯಾಯಿತು. ಅಪ್ಪಯ್ಯ ಎದುರಿಗೇ ಇದ್ದಾನೆ. ಶೆಟ್ಟರಿದ್ದಾರೆ. ನಾಗಕ್ಕ ಇದ್ದಾರೆ. ಅವಳ ತಲೆ ತಾನಾಗಿಯೇ ತಗ್ಗಿತು.

ರಾಜೀವ ಅದನ್ನು ಹೌದು ಎಂದು ತಿಳಿದ. ಅವಳು ಕತ್ತೆತ್ತುವಷ್ಟರಲ್ಲಿ ಸೂಜಿ ಪ್ಯಾರಿಯ ಬೆನ್ನಿನಿಂದ ಹೊರಗೆ ಬಂದಿತ್ತು.

'ಇಲ್ಲ! ಅದು ತಿಂದಿಲ್ಲ! ಹೇಳು ಗುಣವತಿ, ಹೇಳು!' ಒಳಗಿನಿಂದ ಯಾರೋ ಕಿರುಚುತ್ತಿದ್ದರು. ತುಟಿ ತೆರೆಯಲಿಲ್ಲ.

"ಗುರುವಣ್ಣ, ನಿಮ್ಮತ್ರ ಒಂದ್ ಮಾತಿತ್ತ್. ಸಂಜಿಗ್ ಬತ್ತೆ," ಎಂದು ಹೇಳಿ ರಾಜೀವ ಸೈಕಲ್ಲು ಹತ್ತಿದ.

ಅವನು ತಿರುವಿನಲ್ಲಿ ಮರೆಯಾದ ಮೇಲೆ ಅವಳು ನಾಗಕ್ಕನ ಹಿಂದೆ ಹೋದಳು. "ನಾಗಕ್ಕ... ಪ್ಯಾರಿಗೆ ಒಂಚೂರ್ ಅನ್ನ..."

"ಬಾಯ್ ಮುಚ್ಚ್ ಹೆಣೆ! ದೇವ್ರಿಗೆ ಅರ್ಘ್ಯ ಬಿಡೂಕ್ ಮುಂಚೆ ಒಲೆ ಮೇಲೆ ಅನ್ನವಾ? ವರ್ಷವೂ ಮಾಡಿದ ಉಪಾಸ, ಈ ವರ್ಷ ಸಾಯ್ತಿಲ್ಲೆ ಅದ್."

ಗುಣವತಿ ತನ್ನ ಮನೆಗೆ ಓಡಿದಳು. ಅಲ್ಲಿಯೂ ಒಲೆ ತಣ್ಣಗಿತ್ತು. ಗಂಜಿಯ ಮಡಕೆಯನ್ನು ಬೋರಲು ಹಾಕಿದ್ದರು. ಬರಿಗೈಯಲ್ಲಿ ವಾಪಸು ಬಂದು ಪ್ಯಾರಿಯ ಪಕ್ಕದಲ್ಲಿ ಕೂತಳು. ಅದರ ಕಣ್ಣನ್ನೇ ನೋಡುತ್ತ, ಕಾಲನ್ನೇ ನೋಡುತ್ತ. 'ಏನೂ ಆಗದಿರಲಿ ಕೃಷ್ಣ... ಏನೂ ಆಗದಿರಲಿ...'

ಬಿಸಿಲು ಇಳಿಮುಖವಾಗುವಾಗ ಪ್ಯಾರಿ ಎದ್ದಿತು. ಎರಡು ಹೆಜ್ಜೆ ಇಟ್ಟಿತು. ಕುಡಿದವರಂತೆ ಓಲಾಡಿತು. ಹಿಂಗಾಲು ಮಡಚಿ ಬಿತ್ತು. ಮೈಯೆಲ್ಲ 'ಥರಥರ' ನಡುಗತೊಡಗಿತು!

ಕೈಕಾಲ್ ನಡುಗತ್ತ್... ಕಣ್ಣ್ ಕತ್ಲೆ ಬತ್ತ್... ಬೆಲ್ಲ ಬಾಯಿಗ್ ಬಿದ್ರೆ ಸಮ ಆತ್ತ್...

ಆ ಮೊದಲ ದಿನ ಅವನು ಹೇಳಿದ ಮಾತು! ತನ್ನ ಬೆರಳು ಹಿಡಿದುಕೊಂಡು ಹೇಳಿದ ಮಾತು!

ಗುಣವತಿ ಓಡಿದಳು. ದೇವರ ಕೋಣೆಗೇ. ಅಲ್ಲಿ ಮಡಿಯಲ್ಲಿ ಉಂಡೆ ಕಟ್ಟಲೆಂದು ನಾಗಕ್ಕ ತೆಗೆದಿಟ್ಟ ಜೋನಿಬೆಲ್ಲದ ಗಡಿಗೆಯಿತ್ತು. ದೇವರಿಗೆ ಇನ್ನೂ ಒಪ್ಪಿಸದ ಬೆಲ್ಲ. ಸ್ನಾನ ಮಾಡದೆ ಆ ಹೊಸ್ತಿಲನ್ನು ಯಾರೂ ದಾಟುತ್ತಿರಲಿಲ್ಲ. ಇವಳ ಕೈಯಲ್ಲೋ ನಾಯಿಯ ಜೊಲ್ಲು!

"ಹೆಣೆ! ಹೆಣೆ! ಎಂತ ಮಾಡ್ತೆ ನೀನ್!"

ಅವಳು ಕೇಳಲಿಲ್ಲ. ಗಡಿಗೆ ಹೊತ್ತು ಅಂಗಳಕ್ಕೆ ಬಂದು, ಹೆಬ್ಬೆರಳನ್ನು ಬೆಲ್ಲದಲ್ಲಿ ಅದ್ದಿ ಪ್ಯಾರಿಯ ಕೆನ್ನೆಯೊಳಗೆ, ವಸಡಿಗೆ ಉಜ್ಜಿದಳು. ದವಡೆ ಕಚ್ಚಿಕೊಂಡಿತು. ಹಲ್ಲು ಬೆರಳಿಗಿಳಿಯಿತು. ಅದೇ ಬೆರಳು, ಅಂದು ಸೂಜಿ ತಾಗಿದ ಬೆರಳು! ಅವಳು ಕೈ ತೆಗೆಯಲಿಲ್ಲ. ಮತ್ತೆ ಬೆಲ್ಲ, ಮತ್ತೆ ಬೆಲ್ಲ. ರಕ್ತವೂ ಬೆಲ್ಲವೂ ಕಲೆತುಹೋದವು.

"ಪ್ಯಾರಿ... ನುಂಗ್ ಮಗಾ... ನುಂಗ್..."

ಎಷ್ಟು ಹೊತ್ತೋ. ಮೊದಲು ನಡುಕ ಇಳಿಯಿತು. ಆಮೇಲೆ ನಾಲಗೆ ಹೊರಗೆ ಬಂದು ತಾನಾಗಿಯೇ ಅವಳ ಬೆರಳನ್ನು ನೆಕ್ಕಿತು.

ದುಗ್ಗಪ್ಪ ಶೆಟ್ಟರು ಅಂಗಳದ ಕೆಸರಿನಲ್ಲೇ ಕೂತುಬಿಟ್ಟರು. "ಅಕ್ಕ, ಒಲೆ ಹಚ್ಚ್. ಅನ್ನ ಮಾಡ್. ದೇವ್ರ್ ಸಿಟ್ಟ್ ಮಾಡ್ರೆ ನನ್ನ ಮೇಲ್ ಮಾಡ್ಲಿ," ಎಂದರು.

ಸಂಜೆ ರಾಜೀವ ಬಂದ. ಬೆಲ್ಲ ಮೆತ್ತಿದ ನಾಯಿಯ ಮೂತಿ, ಅರ್ಧ ಖಾಲಿಯಾದ ಗಡಿಗೆ, ಅನ್ನದ ಬಟ್ಟಲು. ಅವನಿಗೆ ಎಲ್ಲ ಅರ್ಥವಾಯಿತು. ಮುಖ ಬಿಳಿಚಿತು.

"ಬೆಳಿಗ್ಗೆ ತಿಂದಿರ್ಲಿಲ್ಯಾ?"

ನಾಗಕ್ಕ ಒಳಗೆ ಸರಿದುಬಿಟ್ಟರು. ರಾಜೀವ ಗುಣವತಿಯ ಎದುರು ನಿಂತ. "ನಾಗಕ್ಕಂದ್ ಬಿಡ್. ಅವ್ರಿಗ್ ಗೊತ್ತಿಲ್ಲೆ. ನಾ ನಿನ್ನ ಹತ್ರ ಕೇಂಡೆ. ನಿನ್ನ ಮುಖ ಕಂಡೇ ಸೂಜಿ ಹಾಕದ್ದ್. ನೀ ಹೌದ್ ಅಂದೆ. ಎಲ್ಲ ಗೊತ್ತಿದ್ದ್ ಹೌದ್ ಅಂದ್ಯಾ ಗುಣವತಿ? ನಾ ನನ್ನ ಕೈಯಾರೆ ಇದನ್ನ ಕೊಲ್ತಿದ್ದೆ..."

'ನಾನು ಹೌದು ಅನ್ನಲಿಲ್ಲ...' ಕಣ್ಣಲ್ಲಿ ನೀರು ಬಂತು. ಮಾತು ಬರಲಿಲ್ಲ. ಬೆಲ್ಲದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಅವನು ಪ್ಯಾರಿಯನ್ನು ಪರೀಕ್ಷಿಸಿದ. ಅಪಾಯವಿಲ್ಲ ಎಂದ. ಗುರುವನ ಮನೆಯ ಕಡೆ ತಿರುಗಲಿಲ್ಲ. ಕುಂದಾಪುರದ ಹಾದಿ ಹಿಡಿದ. ಆ ದಿನ ಗಂಟೆಯೂ ಬಾರಿಸಲಿಲ್ಲ.

ಮರುದಿನ ಅವನು ಬರಲಿಲ್ಲ. ಅದರ ಮರುದಿನ ಬೇರೆ ಯಾರೋ ಔಷಧಿ ತಂದುಕೊಟ್ಟು, "ರಾಜೀವ ನನ್ನನ್ನ ಬೈಂದೂರಿಗೇ ಖಾಯಂ ಹಾಕಿ ಅಂದೇಳಿ ಡಾಕ್ಟ್ರ ಹತ್ರ ಕೇಂತಾ ಇದ್ದ," ಎಂದ.

ಪ್ಯಾರಿ ಅನ್ನ ತಿಂದಿತು. ಗುಣವತಿ ಸೂಜಿ ಹಾಕಿದಳು. ನಳಿಗೆಯನ್ನು ದೀಪದ ಮೇಲೆ ಹಿಡಿದಳು. ಕುದಿಯಿತು, ಕುದಿಯಿತು... ನೀಲಿ! ಸಮುದ್ರದಂಥ ನೀಲಿ! ತೋರಿಸಲು ಅವನೇ ಇಲ್ಲ.

ಅವಳು ಅಲ್ಲೇ ಕೂತು ಅತ್ತಳು. ನಾಗಕ್ಕ ಬಂದು ಪಕ್ಕದಲ್ಲಿ ನಿಂತರು. ಕೈಯಲ್ಲಿ ಬಾಳೆಲೆಯ ಪೊಟ್ಟಣ.

"ಅಷ್ಟಮಿ ಉಂಡೆ. ಅದೇ ಗಡಿಗೆ ಬೆಲ್ಲದ್ದ್."

ಗುಣವತಿ ದಂಗಾಗಿ ನೋಡಿದಳು. "ನಾಯಿ ಬಾಯಿಯದ್ದಾ?"

"ಕದ್ದ್ ತಿಂದವ್ನ ಹಬ್ಬಕ್ಕೆ ಕದ್ದ ಬೆಲ್ಲ ಆತಿಲ್ಯಾ? ನೈವೇದ್ಯ ಆಯ್ತ್, ದೇವ್ರ್ ಎಂತದೂ ಹೇಳ್ಲಿಲ್ಲೆ." ನಾಗಕ್ಕ ಮುಖ ಆಚೆ ತಿರುಗಿಸಿದರು. "ಸುಳ್ಳ್ ಹೇಳದ್ದ್ ನಾನ್. ಅವ್ನಿಗ್ ಕೊಟ್ಟ್ ಹೇಳ್. ದುಗ್ಗಪ್ಪ ಗಾಡಿ ಕಟ್ಸಿದ್ದ."

ಎತ್ತಿನ ಗಾಡಿ ಕೋಟೇಶ್ವರ ದಾಟಿ ಕುಂದಾಪುರಕ್ಕೆ ಬಂತು. ಆಸ್ಪತ್ರೆಯ ಎದುರು ಶೆಟ್ಟರು ಇಳಿಯಲೇ ಇಲ್ಲ. ಪ್ಯಾರಿಯ ತಲೆ ಸವರುತ್ತ ಕೂತರು. "ಗಾಡಿ ನಂದ್. ಮಾತ್ ನಿಂದ್. ಹೋಗ್ ಮಗಾ."

ಆಸ್ಪತ್ರೆಯ ಅಂಗಳದಲ್ಲಿ ಜನ. ಹಗ್ಗ ಹಿಡಿದ ಗಂಡಸರು, ಆಡಿನ ಮರಿ ಎತ್ತಿಕೊಂಡ ಒಬ್ಬ ಹೆಂಗಸು. ರಾಜೀವ ಬೆನ್ನು ಹಾಕಿ ಒಂದು ಎಮ್ಮೆಯ ಕೊಂಬಿಗೆ ಪಟ್ಟಿ ಸುತ್ತುತ್ತಿದ್ದ.

ಗುಣವತಿ ಒಂದು ಹೆಜ್ಜೆ ಹಿಂದಿಟ್ಟಳು. 'ವಾಪಸು ಹೋಗಿಬಿಡಲಾ?' ಇನ್ನೊಂದು ಹೆಜ್ಜೆ ಹಿಂದಿಟ್ಟರೆ ಗಾಡಿ. ಗಾಡಿ ಹತ್ತಿದರೆ ತೆಕ್ಕಟ್ಟೆ. ಅವನು ಬೈಂದೂರು. ಅಷ್ಟೇ, ಮುಗಿಯಿತು...

"ಹ್ವಾಯ್!"

ಯಾರ ಧ್ವನಿ ಇದು? ಅವಳದೇ!

ರಾಜೀವ ತಿರುಗಿದ. ಅಂಗಳವೆಲ್ಲ ತಿರುಗಿತು. ಎಮ್ಮೆ ಕೂಡ ತಿರುಗಿ ನೋಡಿತು.

"ಎಂತ? ಪ್ಯಾರಿಗೆ ಎಂತ ಆಯ್ತ್?"

"ಪ್ಯಾರಿಗೆ ಎಂತದೂ ಆಯ್ಲಿಲ್ಲೆ. ಅನ್ನ ತಿಂತ್, ಮತ್ತೆ ಸೂಜಿ ಹಾಕ್ದೆ. ಇವತ್ತ್ ನೀಲಿ." ಒಂದು ಉಸಿರು ಎಳೆದುಕೊಂಡಳು. "ಆದದ್ದ್ ನಂಗೆ."

"ನಿಂಗೆಂತ ಆಯ್ತ್?"

"ನಾ ಆವತ್ತ್ ಹೌದ್ ಅಂದದ್ದಲ್ಲ! ತಲೆ ತಗ್ಸದ್ದ್ ಹೌದ್ ಅಂದೇಳಿ ಅಲ್ಲ. ನಾಚ್ಕಿ ಆಯಿ ತಗ್ಸದ್ದ್. ನೀವ್ ಹಾಂಗೆ ಕಂಡ್ರೆ ನಾ ಮತ್ತೆಂತ ಮಾಡ್ಕ್? ಬಿಳಿ ಅಂಗಿ ಬೇರೆ ಹಾಯ್ಕಂಡ್ ಬಂದಿದ್ರಿ!"

ಆಡಿನ ಮರಿ ಹಿಡಿದ ಹೆಂಗಸು ಕಿಸಕ್ಕನೆ ನಕ್ಕಳು. "ಹಾಂಗಾರೆ ತಪ್ಪೆಲ್ಲ ಅಂಗಿದ್ದೇ ಮಾರಾಯಾ!"

ಗುಣವತಿ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಮಾತು ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. "ಆದ್ರೂ ಬಾಯಿ ಬಿಟ್ಟ್ ಹೇಳ್ಕಿತ್ತ್. ಹೇಳ್ಲಿಲ್ಲೆ. ಅದ್ ನನ್ನ ತಪ್ಪ್. ಇನ್ನ್ ಹೇಳ್ತೆ. ಅಪ್ಪಯ್ಯ ಇರ್ಲಿ, ಶೆಟ್ರ್ ಇರ್ಲಿ, ಹೇಳ್ತೆ. ನೀವ್ ಬೈಂದೂರಿಗ್ ಹೋಯ್ಬೇಡಿ!"

ರಾಜೀವ ಪಟ್ಟಿಯನ್ನು ಎಮ್ಮೆಯ ಯಜಮಾನನ ಕೈಗೇ ಕೊಟ್ಟು ಬಂದ. ಅವಳನ್ನು ಬಾದಾಮಿ ಮರದ ಮರೆಗೆ ಕರೆದುಕೊಂಡು ಹೋದ.

"ಕೈ ತೋರ್ಸ್."

ಸೆರಗಿನಿಂದ ಬೆರಳು ಹೊರಗೆ ಬಂತು. ಹಲ್ಲಿನ ಗುರುತು ಇನ್ನೂ ಕೆಂಪಗಿತ್ತು. ಅವನು ಸ್ಪಿರಿಟ್ಟಿನಿಂದ ಒರೆಸಿ, ಔಷಧಿ ಹಚ್ಚಿದ.

"ಮೊದ್ಲ್ ನಾನ್ ಚುಚ್ದೆ. ಈಗ ಪ್ಯಾರಿ ಕಚ್ಚಿತ್. ಈ ಬೆರಳ್ ಎಂತ ಪಾಪ ಮಾಡಿತ್ತಾ..."

"ನೋವಿಲ್ಲೆ."

"ನಂಗಿತ್ತ್." ಅವನು ಕಣ್ಣೆತ್ತಿದ. "ಸಿಟ್ಟ್ ನಿನ್ನ ಮೇಲೆ ಅಲ್ಲ ಗುಣವತಿ. ಬಾಯಲ್ಲಿ ಹೇಳ್ರೆ ಮಾತ್ರ ನಂಬ್ತೆ ಅಂದವ ನಾನೇ. ಆವತ್ತ್ ನಾನೇ ಮರ್ತೆ. ಎಂತಕ್ಕ್ ಗೊತ್ತಿತ್ತಾ? ನಿನ್ನ ಅಪ್ಪಯ್ಯನ ಹತ್ರ ಎಂತ ಹೇಳೂದ್ ಅಂದೇಳಿ ದಾರಿ ಇಡೀ ಬಾಯಿಪಾಠ ಮಾಡ್ಕಂಡ್ ಬಂದಿದ್ದೆ. ತಲೆಯಾಗೆ ಬೇರೆ ಎಂತದೂ ಇರ್ಲಿಲ್ಲೆ. ಮದಿ ಮಾತ್ ಆಡೂಕ್ ಬಂದವ ಅದೇ ಅಂಗಳದಾಗೆ ಪ್ಯಾರಿನ ಕೊಲ್ತಿದ್ದೆ. ಮತ್ತೆ ಯಾವ ಮುಖ ಇಟ್ಕಂಡ್ ಬಪ್ಪುದ್?"

ಗುಣವತಿಯ ಕಿವಿಯಲ್ಲಿ ಅಪ್ಪಯ್ಯನ ಡೋಲು ಬಾರಿಸಿದಂತಾಯಿತು. ಮದಿ... ಮದುವೆ!

"ನೀ ಬೆಲ್ಲ ಉಜ್ಜದೆ ಇದ್ದಿದ್ರೆ ಪ್ಯಾರಿ ಉಳೀತಿರ್ಲಿಲ್ಲೆ. ನಾನೂ ಉಳೀತಿರ್ಲಿಲ್ಲೆ." ಅವನ ಧ್ವನಿ ತಗ್ಗಿತು. "ಈಗ ಬತ್ತೆ... ಅಪ್ಪಯ್ಯನ ಹತ್ರ ಕೇಂಬುಕೆ. ಅಡ್ಡಿಲ್ಯಾ?"

ಅವಳ ತಲೆ ತಗ್ಗಿತು.

"ಇಲ್ಲೆ ಇಲ್ಲೆ! ತಲೆ ತಗ್ಸದ್ದನ್ನ ನಾ ಇನ್ನ್ ನಂಬೂದಿಲ್ಲೆ. ಬಾಯಲ್ಲಿ ಹೇಳ್."

ಗುಣವತಿ ಮೆಲ್ಲಗೆ ಬಾಳೆಲೆಯ ಪೊಟ್ಟಣ ಬಿಚ್ಚಿದಳು. "ನಿಮ್ದ್ ಊಟ ಆಯ್ತಾ?"

"ಎಲ್ಲಿದ್ದ್ ಊಟ? ಅಷ್ಟಮಿಯಿಂದ ಗಂಟ್ಲಾಗೆ ಇಳೀಲಿಲ್ಲೆ."

"ಹಾಂಗಾರೆ ಮೊದ್ಲ್ ತಿನ್ನಿ. ನಾಗಕ್ಕ ಕೊಟ್ಟದ್ದ್. ಸುಳ್ಳ್ ಹೇಳದ್ದ್ ಅವ್ರಂತೆ."

ಅವನು ನಗುತ್ತ ಉಂಡೆ ಕಚ್ಚಿದ. ಜೋನಿಬೆಲ್ಲ ಅವನ ಬೆರಳಿಗೂ ಅಂಟಿತು. ಗಾಡಿಯಿಂದ ಪ್ಯಾರಿ ಮೂಗೆತ್ತಿ ಒಂದು ಸಲ ಬೊಗಳಿತು.

"ನಿಂಗಿಲ್ಲೆ!" ಎಂದರು ಇಬ್ಬರೂ ಒಟ್ಟಿಗೇ.

"ತಿಂದಾಯ್ತ್," ಎಂದ ರಾಜೀವ. "ಈಗ ಹೇಳ್."

ಅವಳು ತಲೆಯೆತ್ತಿದಳು. ಅವನ ಕಣ್ಣನ್ನೇ ನೋಡಿದಳು.

"ಬನ್ನಿ."

"ಯಾವತ್ತ್?"

"ಆ ಬಿಳಿ ಅಂಗಿ ಒಗ್ದದ್ದ್ ಒಣ್ಗಿತಾ?"

"ಈ ಮಳೆಗೆ ಎಲ್ಲಿ ಒಣ್ಗತ್ತ್?"

"ಹಾಂಗಾರೆ ಒದ್ದೆದೇ ಹಾಯ್ಕಂಡ್ ಬನ್ನಿ," ಎಂದಳು ಗುಣವತಿ.